ಸಮುದ್ರದ ನೀರು ನುಗ್ಗುವ ಗದ್ದೆಯಲ್ಲಿ ಭತ್ತ ಬೆಳೀತಾರಂತೆ, ನಮ್ಮ ಸವಳು ಹೊಲಕ್ಕೆ ಆ ಬೀಜ ಆಗುತ್ತಾ?

ಕಾರಟಗಿ ಕೊನೇಹೊಲ:

ಎಲ್ಲರಿಗೂ ನಮಸ್ಕಾರ. ನಮ್ಮದು ಕಾರಟಗಿ ಹತ್ತಿರ ಒಂದು ಹಳ್ಳಿ. ತುಂಗಭದ್ರಾ ಎಡದಂಡೆ ಕಾಲುವೆ ನೀರು, ಅದೂ ಉಪಕಾಲುವೆಯ ಕೊನೇ ಭಾಗ. ನಾಲ್ಕು ಎಕರೆ ಎರೆ ಹೊಲ, ತಗ್ಗಿನಲ್ಲಿದೆ. ಮೇಲಿನ ಗದ್ದೆಗಳಿಂದ ಬಸಿದ ನೀರೆಲ್ಲ ನಮ್ಮಲ್ಲೇ ಬಂದು ನಿಲ್ಲುತ್ತದೆ, ಏಪ್ರಿಲ್ ಮೇ ಬಂತು ಅಂದರೆ ಸುಣ್ಣ ಚೆಲ್ಲಿದ ಹಾಗೆ ಹೊಲದ ತುಂಬಾ ಬೆಳ್ಳಗೆ ಸವಳು ಏಳುತ್ತದೆ. ಕಾಲುವೆ ಬರುವ ಮುಂಚೆ ಇದೇ ಹೊಲದಲ್ಲಿ ಬಿಳಿಜೋಳ ಆಳೆತ್ತರ ಬರುತ್ತಿತ್ತು ಅಂತ ನಮ್ಮ ಮುತ್ಯಾ ಹೇಳುತ್ತಿದ್ದರು. ಈಗ ನಾಟಿ ಮಾಡಿದ ಸಸಿ ತುದಿ ಸುಟ್ಟಂತಾಗಿ ಅಲ್ಲಲ್ಲಿ ಬೋಳು ಬೀಳುತ್ತದೆ. ಪಕ್ಕದವರಿಗೆ ಎಕರೆಗೆ 40 ಚೀಲ ಬಂದರೆ ನಮಗೆ 15 ದಾಟುವುದು ಕಷ್ಟ. ಗೊಬ್ಬರ ಮಾತ್ರ ಅವರಷ್ಟೇ ಹಾಕಬೇಕು.

ಮೊನ್ನೆ ಸಂತೆಯಲ್ಲಿ ಒಬ್ಬರು ಸಿಕ್ಕಿದ್ದರು. ಕುಮಟಾ ಕಡೆ ಹಳ್ಳಿಗಳಲ್ಲಿ ಸಮುದ್ರದ ಉಪ್ಪುನೀರು ಬರುವ ಗದ್ದೆಯಲ್ಲೇ ಭತ್ತ ಬೆಳೀತಾರೆ, ಗೊಬ್ಬರ ಇಲ್ಲ, ಔಷಧ ಇಲ್ಲ, ಕಗ್ಗ ಅಂತ ಹೆಸರು ಅಂದರು. ಕೇಳಿದಾಗಿನಿಂದ ತಲೆಯಲ್ಲಿ ಅದೇ ಓಡುತ್ತಿದೆ. ಸಮುದ್ರದ ಉಪ್ಪನ್ನೇ ತಡೆಯುವ ಬೀಜ ನಮ್ಮ ಸವಳನ್ನು ತಡೆಯೋದಿಲ್ವಾ?

ಹಾಗಾಗಿ ಕೇಳುತ್ತಿದ್ದೇನೆ. ಆ ಹಳ್ಳಿ ಯಾವುದು, ಬೀಜ ಕೊಡುತ್ತಾರಾ, ನಮ್ಮ ಕಡೆ ಯಾರಾದರೂ ಹಾಕಿ ನೋಡಿದ್ದೀರಾ? ಒಮ್ಮೆ ಹೋಗಿ ಕಣ್ಣಾರೆ ನೋಡಬೇಕು ಅಂತ ಆಸೆ ಇದೆ. ಯಾವ ತಿಂಗಳು ಹೋದರೆ ಬೆಳೆ ನಿಂತಿರುತ್ತದೆ, ಹೇಗೆ ಹೋಗುವುದು, ಅಲ್ಲಿಯ ಜನ ನಮ್ಮಂಥವರನ್ನು ಗದ್ದೆಗೆ ಕರಕೊಂಡು ಹೋಗಿ ತೋರಿಸುತ್ತಾರಾ? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.


ಲಿಂಗಸುಗೂರು ಮಾಸ್ತರ್:

ಅಣ್ಣಾರೆ, ನಾನು ಲಿಂಗಸುಗೂರು ಕಡೆಯವನು. ನೌಕರಿ ಸಿಕ್ಕಿದ್ದು ಕುಮಟಾ ತಾಲ್ಲೂಕಿನಲ್ಲಿ, ಶಾಲೆ ಇರುವುದು ಅಘನಾಶಿನಿ ನದಿ ಸಮುದ್ರ ಸೇರುವ ಭಾಗದ ಒಂದು ಸಣ್ಣ ಹಳ್ಳಿಯಲ್ಲಿ. ಬಹಳ ವರ್ಷದಿಂದ ಇಲ್ಲೇ ಇದ್ದೇನೆ. ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು, ಯಾಕೆಂದರೆ ಊರಿಗೆ ಬಂದಾಗ ನಮ್ಮವರು ಕೇಳುವುದು ಬೀಚ್ ಎಷ್ಟು ದೂರ ಅಂತ ಮಾತ್ರ.

ನೀವು ಕೇಳಿದ ಊರು ಮಾಣಿಕಟ್ಟಾ. ಕಗ್ಗ ಅಂದರೆ ಮೊದಲು ಬರುವ ಹೆಸರು ಅದೇ. ಸುತ್ತಲಿನ ಬೇರೆ ಹಳ್ಳಿಗಳಲ್ಲೂ ಸ್ವಲ್ಪ ಸ್ವಲ್ಪ ಉಳಿದಿದೆ. ಈ ಗದ್ದೆಗಳಿಗೆ ಇಲ್ಲಿ ಗಜನಿ ಅನ್ನುತ್ತಾರೆ. ನದಿಯ ಬಾಯಿ ಹತ್ತಿರ ತಗ್ಗು ಭೂಮಿ, ಸುತ್ತ ಒಡ್ಡು, ಒಡ್ಡಿನಲ್ಲಿ ಅಲ್ಲಲ್ಲಿ ಹಲಗೆ ಹಾಕಿ ತೆಗೆಯುವ ತೂಬು. ನಮ್ಮ ಕಾಲುವೆ ತೂಬಿನ ಕೆಲಸ ನೀರು ಒಳಗೆ ಬಿಡುವುದು ಮಾತ್ರ. ಇಲ್ಲಿಯ ತೂಬಿಗೆ ಹೊರಗೆ ಕಳಿಸುವುದೇ ದೊಡ್ಡ ಕೆಲಸ. ಸಮುದ್ರ ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಮಳೆಗಾಲದಲ್ಲಿ ಇಳಿತದ ಹೊತ್ತಿಗೆ ಹಲಗೆ ಎತ್ತಿ ಗದ್ದೆ ನೀರನ್ನು ನದಿಗೆ ಬಿಡುತ್ತಾರೆ, ಏರುವ ಹೊತ್ತಿಗೆ ಮುಚ್ಚುತ್ತಾರೆ. ರಾತ್ರಿ ಎರಡು ಗಂಟೆಗೆ ಇಳಿತ ಬಂದರೆ ರಾತ್ರಿ ಎರಡು ಗಂಟೆಗೇ ಯಾರಾದರೂ ಎದ್ದು ಹೋಗಬೇಕು.

ಈಗ ಮುಖ್ಯ ವಿಷಯ ಕೇಳಿ. ಕಗ್ಗ ಹುಟ್ಟಿದಾಗಿನಿಂದ ಕೊಯ್ಯುವ ತನಕ ಸಮುದ್ರದ ನೀರು ಕುಡಿದು ಬೆಳೆಯುತ್ತದೆ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಹಾಗಲ್ಲ. ಬೀಜ ಎರಚುವುದು ಮಳೆ ಹಿಡಿಯುವ ಹೊತ್ತಿಗೆ. ಜೂನ್ ಜುಲೈನಲ್ಲಿ ಇಲ್ಲಿ ಬೀಳುವ ಮಳೆಯನ್ನು ನಮ್ಮ ಕಡೆ ಕೂತು ಊಹಿಸುವುದು ಕಷ್ಟ. ರಾಯಚೂರಿಗೆ ಇಡೀ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಬಂದರೆ ಇಲ್ಲಿ 3,000 ದಾಟುತ್ತದೆ, ಅದರಲ್ಲಿ ಹೆಚ್ಚಿನ ಪಾಲು ನಾಲ್ಕೇ ತಿಂಗಳಲ್ಲಿ. ಆ ಮಳೆ ಗದ್ದೆಯ ಉಪ್ಪನ್ನು ತೊಳೆದು ಇಳಿಸುತ್ತದೆ, ಜೊತೆಗೆ ಅಘನಾಶಿನಿ ಸಿರಸಿ ಕಡೆಯ ಘಟ್ಟದಿಂದ ಕೆಂಪು ನೀರು ತಂದು ಸುರಿಯುತ್ತದೆ. ಈ ನದಿಗೆ ಎಲ್ಲೂ ಅಣೆಕಟ್ಟು ಇಲ್ಲ. ಆಗ ಗದ್ದೆ ನೀರು ಹೆಚ್ಚುಕಡಿಮೆ ಸಿಹಿಯಾಗಿರುತ್ತದೆ. ಸಸಿ ಎಳೆಯದಾಗಿದ್ದಾಗ ಆ ನೀರಿನಲ್ಲೇ ಬೆಳೆಯುತ್ತದೆ. ಮಳೆ ಕಡಿಮೆಯಾಗಿ ಉಪ್ಪು ಮತ್ತೆ ಏರುವ ಹೊತ್ತಿಗೆ ತೆನೆ ಬಲಿತಿರುತ್ತದೆ. ಮಧ್ಯೆ ಒಡ್ಡು ತುಂಬಿ ದಿನಗಟ್ಟಲೆ ಮುಳುಗಿದರೂ ಕೊಳೆಯುವುದಿಲ್ಲ, ಆಗೀಗ ಉಪ್ಪುನೀರು ನುಗ್ಗಿದರೂ ತಡೆದುಕೊಳ್ಳುತ್ತದೆ. ಕಗ್ಗದ ತಾಕತ್ತು ಅಂದರೆ ಅದು. ತಾಕತ್ತು ನಿಜ, ಅದರ ಹಿಂದೆ ಮಳೆಯೂ ತೂಬೂ ಇದೆ.

ಗೊಬ್ಬರ ಹಾಕುವುದಿಲ್ಲ ಅನ್ನುವುದೂ ನಿಜ. ನದಿ ಹೂಳು ತರುತ್ತದೆ. ಕೊಯ್ಯುವಾಗ ಮೇಲಿನ ತೆನೆ ಭಾಗ ಮಾತ್ರ ಕೊಯ್ಯುತ್ತಾರೆ, ಕೆಳಗಿನ ಹುಲ್ಲು ಅಲ್ಲೇ ಬಿಡುತ್ತಾರೆ. ಆಮೇಲೆ ಹಲಗೆ ತೆಗೆದು ಸಮುದ್ರದ ನೀರು ಒಳಗೆ ಬಿಡುತ್ತಾರೆ, ಅದರ ಜೊತೆ ಮೀನು, ಸಿಗಡಿ ಮರಿ ಬರುತ್ತವೆ, ಕೊಳೆತ ಹುಲ್ಲನ್ನು ತಿಂದು ಬೆಳೆಯುತ್ತವೆ. ಮೀನು ಹಿಡಿಯುವ ಹಕ್ಕನ್ನು ಹರಾಜು ಹಾಕುತ್ತಾರೆ, ಬಂದ ಹಣ ಗಜನಿಯವರೆಲ್ಲರಿಗೆ. ಹೀಗೆ ಅದೇ ಭೂಮಿಯಲ್ಲಿ ಆರು ತಿಂಗಳು ಅನ್ನ, ಆರು ತಿಂಗಳು ಮೀನು.

ಅಕ್ಕಿ ಕೆಂಪು, ದಪ್ಪ. ಗಂಜಿಗೆ ಬಹಳ ಚೆನ್ನಾಗಿರುತ್ತದೆ, ಒಮ್ಮೆ ಉಂಡರೆ ಮಧ್ಯಾಹ್ನದವರೆಗೆ ಹಸಿವಾಗುವುದಿಲ್ಲ. ನಮ್ಮ ಸೋನಾ ಮಸೂರಿ ಉಂಡವರಿಗೆ ಮೊದಮೊದಲು ಒರಟು ಅನ್ನಿಸಬಹುದು.


ಸಿರುಗುಪ್ಪ ಭತ್ತ:

ಇಷ್ಟೆಲ್ಲ ಯಾಕೆ ಅಣ್ಣ. ನಮ್ಮ ಕಡೆ, ಸಿಂಧನೂರು ಕಡೆ ಸವಳು ಬಿದ್ದ ಹೊಲ ಇದ್ದವರು ಮೀನಿನ ಹೊಂಡ ಮಾಡಿದ್ದಾರೆ, ಬೇಕಾದರೆ ಹೋಗಿ ನೋಡಿ. ಎಕರೆಗೆ ಇಷ್ಟು ಅಂತ ಗುತ್ತಿಗೆ ಕೊಟ್ಟು ಸುಮ್ಮನೆ ಕೂತವರೂ ಇದ್ದಾರೆ. ಎತ್ತರ ಬೆಳೆಯುವ ಭತ್ತ ನಮ್ಮ ಕಡೆ ಗಾಳಿಗೆ ಮಲಗಿದರೆ ಕೊಯ್ಯುವ ಮಷಿನ್‌ನವರು ಹೊಲಕ್ಕೇ ಇಳಿಯುವುದಿಲ್ಲ. ಕೆಂಪು ದಪ್ಪ ಅಕ್ಕಿಯನ್ನು ಕಾರಟಗಿ ಮಿಲ್ಲಿನಲ್ಲಿ ಯಾರು ತಗೋತಾರೆ? ಅಲ್ಲಿ ಸೋನಾ, ಆರ್‌ಎನ್‌ಆರ್ ಬಿಟ್ಟು ಬೇರೆ ಮಾತೇ ಇಲ್ಲ. ಹೋಗಿ ನೋಡಿ ಬರುವುದು ಒಳ್ಳೆಯದೇ, ಆದರೆ ನಾಲ್ಕು ಎಕರೆಗೂ ಒಮ್ಮೆಲೇ ಹಾಕಬೇಡಿ.


ಗಂಗಾವತಿ ಮಣ್ಣು:

ನಾನು ಮಣ್ಣು, ನೀರಿನ ಕೆಲಸದಲ್ಲೇ ಇದ್ದವನು, ಈಗ ನಿವೃತ್ತಿ. ಕಾರಟಗಿ ತಮ್ಮಾ, ನಿಮ್ಮ ಪ್ರಶ್ನೆ ಒಳ್ಳೆಯದಿದೆ, ಮಾಸ್ತರರು ಕೊಟ್ಟ ಉತ್ತರದಲ್ಲಿ ಅರ್ಧ ಪರಿಹಾರವೂ ಇದೆ. ಉಳಿದ ಅರ್ಧ ನಮ್ಮ ಮಣ್ಣಿನದು.

ಅಲ್ಲಿಯ ಉಪ್ಪು ಸಮುದ್ರದಿಂದ ಬರುತ್ತದೆ, ಹೊರಗಿನ ಉಪ್ಪು. ನಮ್ಮದು ಒಳಗಿನದು. ನಮ್ಮ ಎರೆ ಮಣ್ಣಿನ ಆಳದಲ್ಲಿ ಮೊದಲೇ ಉಪ್ಪಿತ್ತು. ಮಳೆ ಕಡಿಮೆ, ಜೋಳ ಹತ್ತಿ ಬೆಳೆಯುತ್ತಿದ್ದಷ್ಟು ಕಾಲ ಅದು ಕೆಳಗೇ ಇತ್ತು. 1953ರಲ್ಲಿ ಅಣೆಕಟ್ಟು ಬಂತು. ಆಗ ಯೋಜನೆ ಹಾಕಿದ್ದೇ ಕಡಿಮೆ ನೀರಿನ ಬೆಳೆಗೆ, ಜೋಳ, ಹತ್ತಿ, ಶೇಂಗಾ ಇಂಥವಕ್ಕೆ. ಭತ್ತಕ್ಕೆ ಗುರುತು ಮಾಡಿದ್ದು ಸ್ವಲ್ಪ ಜಾಗ. ಆದರೆ ನೀರು ಕಂಡ ಮೇಲೆ ಎಲ್ಲರೂ ಭತ್ತ ಹಾಕಿದರು, ವರ್ಷಕ್ಕೆ ಎರಡು ಬೆಳೆ. ತಿಂಗಳುಗಟ್ಟಲೆ ನೀರು ನಿಂತು ಭೂಮಿಯೊಳಗಿನ ನೀರಿನ ಮಟ್ಟ ಬೇರಿನ ತನಕ ಏರಿತು. ಎರೆ ಮಣ್ಣಿನಲ್ಲಿ ನೀರು ಬೇಗ ಇಳಿಯುವುದಿಲ್ಲ. ಬೇಸಿಗೆಯಲ್ಲಿ ಬಿಸಿಲು ಆ ನೀರನ್ನು ಮೇಲಕ್ಕೆ ಎಳೆಯುತ್ತದೆ, ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಮೇಲೆ ಉಳಿಯುತ್ತದೆ. ನೀವು ಏಪ್ರಿಲ್‌ನಲ್ಲಿ ನೋಡುವ ಬಿಳಿ ಅದೇ. ತಗ್ಗಿನ ಹೊಲದವರಿಗೆ ಮೇಲಿನವರ ಬಸಿನೀರೂ ಸೇರಿ ಎರಡು ಪಾಲು ತೊಂದರೆ.

ಹಾಗಾಗಿ ಕಗ್ಗದ ಬೀಜ ತಂದು ಹಾಕಿದರೂ ಸಸಿಗೆ ಎಳೆಯದಾಗಿದ್ದಾಗ ಬೇಕಾದ ಸಿಹಿನೀರು, ಉಪ್ಪು ತೊಳೆಯುವ ಅಷ್ಟು ದೊಡ್ಡ ಮಳೆ ನಮ್ಮಲ್ಲಿ ಇಲ್ಲ. ಭತ್ತಕ್ಕೆ ಉಪ್ಪು ಜಾಸ್ತಿ ತಾಕುವುದು ಸಸಿ ಹಂತದಲ್ಲಿ, ಆಮೇಲೆ ಹೂ ಬಿಡುವ ಹಂತದಲ್ಲಿ. ನಮ್ಮ ಬೇಸಿಗೆ ಬೆಳೆಗೆ ಎರಡೂ ಹೊತ್ತಿನಲ್ಲಿ ಉಪ್ಪು ಎದುರಾಗುತ್ತದೆ.

ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಇದನ್ನು ಮಾಡದೆ ಯಾರ ಮಾತೂ ಕೇಳಬೇಡಿ, ನನ್ನ ಮಾತೂ ಕೂಡ. ಎರಡು ಥರದ ಕೆಟ್ಟ ಮಣ್ಣಿದೆ. ಲವಣ ಜಾಸ್ತಿ ಇರುವುದು ಒಂದು, ಇಸಿ (ಪರೀಕ್ಷೆಯಲ್ಲಿ ಉಪ್ಪಿನ ಅಳತೆ) 4 ದಾಟಿರುತ್ತದೆ, ಮೇಲೆ ಬಿಳಿ ಪದರ ಕಾಣುತ್ತದೆ. ಕ್ಷಾರ ಮಣ್ಣು ಇನ್ನೊಂದು, ಪಿಎಚ್ 8.5 ದಾಟಿರುತ್ತದೆ, ನೀರು ನಿಂತರೆ ಇಂಗುವುದೇ ಇಲ್ಲ, ಒಣಗಿದರೆ ಕಲ್ಲು. ಜಿಪ್ಸಂ ಕೆಲಸ ಮಾಡುವುದು ಎರಡನೆಯದಕ್ಕೆ. ಮೊದಲನೆಯದಕ್ಕೆ ಜಿಪ್ಸಂ ಸುರಿದರೆ ದುಡ್ಡು ದಂಡ, ಅದಕ್ಕೆ ಒಳ್ಳೆ ನೀರು ಕಟ್ಟಿ ತೊಳೆದು ಹೊರಗೆ ಕಳಿಸುವುದೊಂದೇ ದಾರಿ. ನಮ್ಮ ಭಾಗದಲ್ಲಿ ಎರಡೂ ಕೂಡಿಕೊಂಡಿರುವ ಮಣ್ಣೂ ಇದೆ. ಗಂಗಾವತಿ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಮಣ್ಣಿನ ಮೇಲೇ ವರ್ಷಗಟ್ಟಲೆಯಿಂದ ಕೆಲಸ ನಡೆದಿದೆ. ನಿಮಗೆ ಹತ್ತಿರ, ಮಣ್ಣು ತಗೊಂಡು ಹೋಗಿ.

ತೊಳೆದ ನೀರು ಎಲ್ಲಿಗೆ ಹೋಗಬೇಕು ಅನ್ನುವುದು ಮುಂದಿನ ಪ್ರಶ್ನೆ. ನಿಮ್ಮ ಹೊಲದ ಕೆಳಗೆ ಹಳ್ಳ ಇದೆಯಾ? ಬಸಿಗಾಲುವೆ ಇದೆಯಾ? ಇದ್ದರೆ ಹರಿಯುತ್ತಿದೆಯಾ, ಆಪು ಜೇಕು ಬೆಳೆದು ಮುಚ್ಚಿದೆಯಾ? ಇದನ್ನು ಹೇಳಿ, ಮುಂದೆ ಮಾತಾಡೋಣ.

ಸಿರುಗುಪ್ಪದವರೇ, ಹೊಂಡದ ಬಗ್ಗೆ ಒಂದು ಮಾತು. ತಗ್ಗಿನ ಹೊಲದಲ್ಲಿ ವರ್ಷವಿಡೀ ನೀರು ಕಟ್ಟಿದರೆ ಅದು ಪಕ್ಕದ ಹೊಲಕ್ಕೆ ಬಸಿಯುತ್ತದೆ. ನಿಮ್ಮ ಸವಳು ನಿಮ್ಮ ಪಕ್ಕದವರಿಗೆ ಹೋಗುತ್ತದೆ ಅಷ್ಟೇ. ಮಾಡುವುದಾದರೆ ಸುತ್ತ ಬಸಿಗಾಲುವೆ ತೆಗೆದು ಮಾಡಬೇಕು.


ಸಂಡೂರು ಡ್ರೈವರ್:

ದಾರಿ ನಾನು ಹೇಳುತ್ತೇನೆ. ಅದಿರು ಲಾರಿ ಕಾಲದಲ್ಲಿ ಬೇಲೆಕೇರಿ ಬಂದರಿಗೆ ಆ ರಸ್ತೆಯಲ್ಲಿ ಓಡಾಡಿದವನು ನಾನು. ಅಂಕೋಲಾ ಗುತ್ತಿ ಹೆದ್ದಾರಿ ಅಂತ ಆಗ 63ನೇ ನಂಬರು ಇತ್ತು, ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ, ಅಲ್ಲಿಂದ ನೇರ ಸಮುದ್ರಕ್ಕೆ. ಈಗ ನಂಬರು ಬದಲಾಗಿದೆ, ಹುಬ್ಬಳ್ಳಿ ತನಕ 67, ಅಲ್ಲಿಂದ ಅಂಕೋಲಾಕ್ಕೆ 52. ನಿಮಗೆ ಕಾರಟಗಿಯಿಂದ ಹುಬ್ಬಳ್ಳಿಗೆ ರೈಲು ಇದೆ, ಹುಬ್ಬಳ್ಳಿಯಿಂದ ಬಸ್ಸು. ಹುಬ್ಬಳ್ಳಿ ಅಂಕೋಲಾ ರೈಲಿನ ಮಾತು ನಾವು ಹುಡುಗರಿದ್ದಾಗಿನಿಂದ ಕೇಳುತ್ತಿದ್ದೇವೆ, ಇನ್ನೂ ಬಂದಿಲ್ಲ. ಯಲ್ಲಾಪುರ ದಾಟಿದ ಮೇಲೆ ಅರಬೈಲ್ ಘಟ್ಟ. ಇಳಿದರೆ ಅಂಕೋಲಾ ಕಡೆ ಬಯಲು, ಅಲ್ಲಿ 66ನೇ ಹೆದ್ದಾರಿ ಹಿಡಿದು ಎಡಕ್ಕೆ ತಿರುಗಿದರೆ ಕುಮಟಾ. ಸಿರಸಿ ಮೇಲೆ ದೇವಿಮನೆ ಘಟ್ಟ ಇಳಿದೂ ಕುಮಟಾ ಮುಟ್ಟಬಹುದು, ಹೊರಡುವ ಮುಂಚೆ ರಸ್ತೆ ತೆರೆದಿದೆಯಾ ಕೇಳಿಕೊಳ್ಳಿ.

ಜುಲೈ ಆಗಸ್ಟ್‌ನಲ್ಲಿ ಹೋಗಲೇಬೇಡಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿಯಿತು. ರಸ್ತೆ ಪಕ್ಕದ ಚಹಾ ಅಂಗಡಿಯಲ್ಲಿ ಇದ್ದವರು, ಲಾರಿ ನಿಲ್ಲಿಸಿಕೊಂಡಿದ್ದವರು ಹೋದರು. ಒಂದು ಲಾರಿಯನ್ನು ಗಂಗಾವಳಿ ನದಿಯ ತಳದಿಂದ ಎತ್ತಿದ್ದು ಸೆಪ್ಟೆಂಬರ್ ಕೊನೆಗೆ. ನಾವೆಲ್ಲ ಅದೇ ಜಾಗದಲ್ಲಿ ಗಾಡಿ ನಿಲ್ಲಿಸಿ ಚಹಾ ಕುಡಿದವರು, ಆ ಸುದ್ದಿ ಬಂದ ದಿನ ನಮ್ಮ ಸ್ಟ್ಯಾಂಡಿನಲ್ಲಿ ಯಾರಿಗೂ ಊಟ ಸೇರಲಿಲ್ಲ. ನಮ್ಮ ಕಡೆ ಗುಡ್ಡ ಕಲ್ಲಿನದು, ಅಲ್ಲಿಯದು ಕೆಂಪು ಮಣ್ಣಿನದು, ನೀರು ಕುಡಿದು ಕೂರುತ್ತದೆ. ಮಳೆ ಪೂರ್ತಿ ಹಿಂದೆ ಬಿದ್ದ ಮೇಲೆ ಹೋಗಿ.

ಜನ ಒಳ್ಳೆಯವರು. ಮಾತು ಬೇರೆ ಥರ, ನಾಲ್ಕು ದಿನ ಕೇಳಿದರೆ ತಿಳಿಯುತ್ತದೆ.


ಸಿಂಧನೂರಿನ ಅಕ್ಕ:

ನಾವು ಸಂಘದ ಹೆಣ್ಣುಮಕ್ಕಳು ಒಂದು ಬೇಸಿಗೆಯಲ್ಲಿ ಗೋಕರ್ಣಕ್ಕೆ ಹೋಗಿದ್ದೆವು, ಅಲ್ಲಿಂದ ತದಡಿಗೆ ಹೋಗಿ ದೋಣಿ ದಾಟಿ ಅಘನಾಶಿನಿ ಅನ್ನುವ ಊರಿನಲ್ಲಿ ಉಳಿದಿದ್ದೆವು. ನದಿಗೂ ಊರಿಗೂ ಒಂದೇ ಹೆಸರು. ನಾನು ಕಗ್ಗದ ಗದ್ದೆ ನೋಡಿಲ್ಲ, ಬೆಳೆ ಇರುವ ಹೊತ್ತು ಅದಲ್ಲ. ನೋಡಿದ್ದನ್ನು ಹೇಳುತ್ತೇನೆ, ನಿಮಗೆ ಉಪಯೋಗ ಆಗಬಹುದು.

ನೀರು ಇಳಿದಾಗ ನದಿಯ ನಡುವೆ ಮರಳಿನ ದಿಬ್ಬ ಎದ್ದು ಕಾಣುತ್ತದೆ. ಹೆಂಗಸರು ಗಂಡಸರು ದೋಣಿಯಲ್ಲಿ ಅಲ್ಲಿಗೆ ಹೋಗಿ ಸೊಂಟದ ತನಕ ನೀರಿನಲ್ಲಿ ನಿಂತು ಬೆಳಚು ಆರಿಸುತ್ತಾರೆ. ಬೆಳಚು ಅಂದರೆ ಚಿಪ್ಪಿನ ಒಳಗಿನ ಮಾಂಸ, ಕುದಿಸಿದರೆ ಬಾಯಿ ಬಿಡುತ್ತದೆ, ಕೊಬ್ಬರಿ ಹಾಕಿ ಸುಕ್ಕ ಮಾಡುತ್ತಾರೆ. ತಿನ್ನದವರಿಗೂ ಹೇಳಬೇಕಾದ್ದು ಏನೆಂದರೆ, ಆ ನದಿಗೆ ಯಾರೂ ಯಜಮಾನರಿಲ್ಲ, ಹೊಲ ಇಲ್ಲದ ಮನೆಯ ಹೆಣ್ಣುಮಗಳೂ ಒಂದು ಬುಟ್ಟಿ ತಗೊಂಡು ಹೋಗಿ ಸಂಜೆಗೆ ದುಡ್ಡು ತರಬಹುದು. ನಮ್ಮ ಕಡೆ ಹೊಲ ಇಲ್ಲದವರಿಗೆ ಅಂಥದ್ದು ಏನಿದೆ ಹೇಳಿ. ಮಳೆ ಹೋದರೆ ಬೆಂಗಳೂರಿಗೋ ಮಂಗಳೂರಿಗೋ ಗುಳೆ ಹೋಗಬೇಕು. ಅಲ್ಲಿ ಕೆಂಪು ಕಲ್ಲು ಹೊರುವವರಲ್ಲಿ ನಮ್ಮ ಕುಷ್ಟಗಿ, ದೇವದುರ್ಗ, ಲಿಂಗಸುಗೂರು ಮಂದಿಯೇ ಎಷ್ಟೋ.

ಕುಡಿಯುವ ನೀರಿನ ಕಷ್ಟ ಅಲ್ಲೂ ಇದೆ, ಅದನ್ನು ನಾನು ಎಣಿಸಿರಲಿಲ್ಲ. ಅಷ್ಟು ಮಳೆ ಬಿದ್ದರೂ ಮೇ ತಿಂಗಳಿಗೆ ನದಿ ಹತ್ತಿರದ ಬಾವಿಗಳಲ್ಲಿ ನೀರು ಉಪ್ಪಾಗುತ್ತದೆ. ನಾವು ಉಳಿದ ಮನೆಯ ಅಮ್ಮ ದೂರದ ಬಾವಿಯಿಂದ ನಮಗೋಸ್ಕರ ಸಿಹಿನೀರು ತರಿಸಿದ್ದರು. ಹೋಗುವಾಗ ನೀರು ಜೊತೆಗೆ ಇರಲಿ, ಅವರಿಗೆ ಭಾರ ಹಾಕಬೇಡಿ.

ಅಲ್ಲೇ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರ ಇದೆ, ಸಮುದ್ರದ ನೀರು ಮಡಿಗೆ ಬಿಟ್ಟು ಬಿಸಿಲಿಗೆ ಒಣಗಿಸುತ್ತಾರೆ. ಅದನ್ನು ನೋಡಿದ್ದರಿಂದ ಗಂಗಾವತಿ ಅಣ್ಣಾರು ಹೇಳಿದ ಆವಿಯ ಮಾತು ನನಗೆ ತಟ್ಟನೆ ತಿಳಿಯಿತು. ನಮ್ಮ ಹೊಲದಲ್ಲಿ ನಮಗೆ ಬೇಡದೆ ಆಗುತ್ತಿರುವುದೂ ಅದೇ.


ಕಾರಟಗಿ ಕೊನೇಹೊಲ:

ಎಲ್ಲರಿಗೂ ದೊಡ್ಡ ನಮಸ್ಕಾರ. ಇಷ್ಟು ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಅವ್ವನಿಗೂ ಓದಿ ಹೇಳಿದೆ.

ಗಂಗಾವತಿ ಅಣ್ಣಾರೆ, ನೀವು ಕೇಳಿದ್ದಕ್ಕೆ ಉತ್ತರ. ನಮ್ಮ ಹೊಲದ ಕೆಳಗೆ ಹಳ್ಳ ಇದೆ. ಹಳ್ಳಕ್ಕೆ ಸೇರುವ ಬಸಿಗಾಲುವೆಯೂ ಇದೆ, ಹಳೆಯದು. ಆಪು ಬೆಳೆದು ಮುಚ್ಚಿ ಹೋಗಿದೆ. ಮಧ್ಯೆ ಎರಡು ಕಡೆ ಟ್ರ್ಯಾಕ್ಟರ್ ದಾಟಲಿ ಅಂತ ಮಣ್ಣು ಹಾಕಿದ್ದಾರೆ, ಒಂದು ಕಡೆ ಅದನ್ನೇ ಗದ್ದೆಗೆ ಸೇರಿಸಿಕೊಂಡಿದ್ದಾರೆ. ಅರ್ಜಿ ಕೊಟ್ಟರೆ ಒಂದು ಕಚೇರಿಯವರು ಇನ್ನೊಂದು ಕಚೇರಿಗೆ ಕಳಿಸಿದರು. ಒಬ್ಬ ಅಂಗಡಿಯವನು ಸವಳು ಹೋಗುತ್ತದೆ ಅಂತ ಚೀಲಗಟ್ಟಲೆ ಪುಡಿ ಮಾರಿದ, ಮಣ್ಣು ಪರೀಕ್ಷೆ ಮಾತು ಅವನೂ ಎತ್ತಲಿಲ್ಲ. ಸಂಶೋಧನಾ ಕೇಂದ್ರಕ್ಕೆ ಈ ವಾರ ಹೋಗುತ್ತೇನೆ.

ಮಾಸ್ತರರೇ, ನಿಮಗೆ ಒಂದು ಪ್ರಶ್ನೆ. ರಾತ್ರಿ ಎರಡಕ್ಕೆ ಎದ್ದು ಹಲಗೆ ತೆಗೆಯುವವರು ಯಾರು? ಎಲ್ಲರ ಗದ್ದೆಗೂ ಅದೇ ತೂಬು ಅಂದರೆ, ಒಬ್ಬ ಮುಂಚೆ ಬಿತ್ತಿದ, ಒಬ್ಬ ತಡ ಮಾಡಿದ, ಒಬ್ಬನಿಗೆ ನೀರು ಬೇಕು, ಒಬ್ಬನಿಗೆ ಬೇಡ, ಜಗಳ ಆಗೋದಿಲ್ವಾ? ನಮ್ಮಲ್ಲಿ ಒಂದು ತೂಬಿಗೆ ಹತ್ತು ಜನ ಇದ್ದರೂ ಮಾತು ಕೂಡುವುದಿಲ್ಲ.


ಲಿಂಗಸುಗೂರು ಮಾಸ್ತರ್:

ಜಗಳ ಆಗುತ್ತದೆ. ಆಗದೆ ಇರುತ್ತದಾ. ಆದರೆ ಇಲ್ಲಿ ಒಬ್ಬನೇ ಬೇರೆ ಬೆಳೆ ಹಾಕುತ್ತೇನೆ, ಬೇರೆ ಹೊತ್ತಿಗೆ ಬಿತ್ತುತ್ತೇನೆ ಅನ್ನುವ ಹಾಗಿಲ್ಲ, ಒಡ್ಡು ಎಲ್ಲರಿಗೂ ಒಂದೇ. ಗಜನಿಯವರು ಕೂತು ಬಿತ್ತನೆ ಯಾವಾಗ, ಕೊಯ್ಲು ಯಾವಾಗ, ಉಪ್ಪುನೀರು ಯಾವಾಗ ಬಿಡುವುದು ತೀರ್ಮಾನ ಮಾಡುತ್ತಾರೆ. ತೂಬು ನೋಡುವವರಿಗೆ ಕೂಲಿ ಕೊಡುತ್ತಾರೆ. ಹಿಂದೆ ಒಡ್ಡು ಒಡೆದರೆ ಮನೆಗೊಬ್ಬರು ಬುಟ್ಟಿ ಗುದ್ದಲಿ ಹಿಡಿದು ಬರಬೇಕಿತ್ತು ಅಂತ ಹಿರಿಯರು ಹೇಳುತ್ತಾರೆ. ಆಮೇಲೆ ಸರ್ಕಾರವೇ ಖಾರ್‌ಲ್ಯಾಂಡ್ ಅಂತ ಗಟ್ಟಿ ಒಡ್ಡು ಕಟ್ಟಿತು.

ಇಲ್ಲಿ ಎಲ್ಲ ಚೆನ್ನಾಗಿದೆ ಅಂತ ನೀವು ತಿಳಿದುಕೊಳ್ಳಬಾರದು, ಅದಕ್ಕೆ ಇದನ್ನೂ ಹೇಳುತ್ತೇನೆ. 1990ರ ಆಚೀಚೆ ಸಿಗಡಿ ಕೃಷಿಯ ಗಾಳಿ ಬೀಸಿತು. ಭತ್ತಕ್ಕಿಂತ ಸಿಗಡಿಯಲ್ಲಿ ದುಡ್ಡು ಜಾಸ್ತಿ. ಹೊರಗಿನ ಗುತ್ತಿಗೆದಾರರು ಬಂದರು, ವರ್ಷವಿಡೀ ಉಪ್ಪುನೀರು ನಿಲ್ಲಿಸಿದರು, ಭತ್ತ ಹೋಯಿತು. ಆಮೇಲೆ ಸಿಗಡಿಗೆ ರೋಗ ಬಂತು. 1996ರಲ್ಲಿ ಸುಪ್ರೀಂ ಕೋರ್ಟ್ ಕರಾವಳಿಯ ಸಿಗಡಿ ಹೊಂಡಗಳ ವಿರುದ್ಧ ತೀರ್ಪನ್ನೂ ಕೊಟ್ಟಿತು. ಆದರೆ ಒಮ್ಮೆ ಭತ್ತ ಬಿಟ್ಟ ಗಜನಿಗಳಲ್ಲಿ ಎಷ್ಟೋ ಕಡೆ ಮತ್ತೆ ಭತ್ತ ಬರಲೇ ಇಲ್ಲ, ಒಡ್ಡು ಒಡೆದು ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲ ಗಿಡ ಬೆಳೆದವು. ಮಾಣಿಕಟ್ಟಾದ ರೈತರು ಒಟ್ಟಾಗಿ ಹಟ ಹಿಡಿದು ಕಗ್ಗ ಉಳಿಸಿಕೊಂಡಿದ್ದಾರೆ. ಅವರ ಮೇಲೆ ನನಗೆ ಬಹಳ ಗೌರವ. ಸಿರುಗುಪ್ಪದ ಅಣ್ಣ ಹೇಳಿದ ಗುತ್ತಿಗೆ ಮಾತು ಕೇಳಿದಾಗ ಇದೇ ನೆನಪಾಯಿತು. ಗುತ್ತಿಗೆ ಮುಗಿದ ಮೇಲೆ ಭೂಮಿ ಯಾವ ಸ್ಥಿತಿಯಲ್ಲಿ ಕೈಗೆ ಬರುತ್ತದೆ ಅನ್ನುವುದನ್ನು ಮೊದಲೇ ಬರೆಸಿಕೊಳ್ಳಿ.

ಈಗ ಕೂಲಿ ಸಿಗುವುದಿಲ್ಲ, ಹುಡುಗರು ಗೋವಾ, ಮುಂಬಯಿ ಕಡೆ ಹೋಗುತ್ತಾರೆ. ಗಜನಿಯೊಳಗೆ ಮಷಿನ್ ಇಳಿಯುವುದಿಲ್ಲ, ಮೊಣಕಾಲು ಕೆಸರಿನಲ್ಲಿ ಕೈಯಿಂದಲೇ ಕೊಯ್ಯಬೇಕು. ಇಳುವರಿ ನಿಮ್ಮ ಸೋನಾದ ಹತ್ತಿರಕ್ಕೂ ಬರುವುದಿಲ್ಲ.

ಬೀಜದ ಮಾತು. ಕೇಳಿದರೆ ಸ್ವಲ್ಪ ಕೊಡುತ್ತಾರೆ, ಹಣ ಕೊಟ್ಟೇ ತಗೊಳ್ಳಿ. ಅವರಿಗೇ ಬೀಜ ಕಡಿಮೆ ಬೀಳುವ ವರ್ಷಗಳಿವೆ.

2024ರ ಜನವರಿಯಲ್ಲಿ ಅಘನಾಶಿನಿಯ ಈ ಹಿನ್ನೀರು ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಅದರ ಜೊತೆಗೇ ಸೇರಿದ್ದು ಗದಗ ಜಿಲ್ಲೆಯ ಮಾಗಡಿ ಕೆರೆ, ಹಗರಿಬೊಮ್ಮನಹಳ್ಳಿಯ ಅಂಕಸಮುದ್ರ. ಅಂಕಸಮುದ್ರ ಮೊನ್ನೆ ತನಕ ಬಳ್ಳಾರಿ ಜಿಲ್ಲೆಯಲ್ಲೇ ಇತ್ತಲ್ಲ, ನಮ್ಮ ಮನೆಯ ಕೆರೆ. ನನ್ನ ಶಾಲೆ ಮಕ್ಕಳಿಗೆ ಇದನ್ನು ಹೇಳುವಾಗ ಎದೆ ತುಂಬಿ ಬರುತ್ತದೆ.


ಗಂಗಾವತಿ ಮಣ್ಣು:

ಕಾರಟಗಿ ತಮ್ಮಾ, ನಿಮ್ಮ ಬಸಿಗಾಲುವೆ ಸುದ್ದಿ ಕೇಳಿ ಬೇಜಾರಾಯಿತು, ಆದರೆ ರೋಗ ಎಲ್ಲಿದೆ ಅಂತ ಗೊತ್ತಾಯಿತು. ಅದು ತೆರೆಯದೆ ಯಾವ ಬೀಜ ತಂದರೂ ಎರಡು ವರ್ಷದ ಮಾತು. ಉಪ್ಪು ತಡೆಯುವ ತಳಿಗಳು ಇವೆ, ಹರಿಯಾಣದ ಕರ್ನಾಲ್‌ನಲ್ಲಿರುವ ಸವಳು ಮಣ್ಣಿನ ಸಂಶೋಧನಾ ಸಂಸ್ಥೆಯವರು ಸಿಎಸ್‌ಆರ್ ಅಂತ ಸಾಲಾಗಿ ಬಿಟ್ಟಿದ್ದಾರೆ. ಕೇರಳದ ಪೊಕ್ಕಾಲಿ ಅನ್ನುವ ಭತ್ತವೂ ಕಗ್ಗದ ಹಾಗೇ ಹಿನ್ನೀರಿನದು, ಅದರ ಉಪ್ಪು ತಡೆಯುವ ಗುಣವನ್ನು ಹೊಸ ತಳಿಗಳಿಗೆ ತಂದಿದ್ದಾರೆ. ನಮ್ಮ ಮಣ್ಣಿಗೆ ಯಾವುದು ಅಂತ ಕೇಂದ್ರದವರೇ ಹೇಳುತ್ತಾರೆ. ಅಂಥ ತಳಿ ನಿಮಗೆ ಸಮಯ ಕೊಡುತ್ತದೆ, ಉಪ್ಪನ್ನು ಹೊರಗೆ ಹಾಕುವುದಿಲ್ಲ.

ನಿಮ್ಮ ಕೈಯಲ್ಲಿ ಆಗುವ ಕೆಲಸ ಮೊದಲು ಮಾಡಿ. ಆ ಬಸಿಗಾಲುವೆ ಮೇಲೆ ಎಷ್ಟು ಹೊಲಗಳಿವೆ ಪಟ್ಟಿ ಮಾಡಿ. ಅವರೆಲ್ಲರಿಗೂ ನಾಳೆ ಇದೇ ಗತಿ, ಮೇಲಿನವರಿಗೂ ಕೂಡ. ಒಬ್ಬರೇ ಅರ್ಜಿ ಕೊಟ್ಟರೆ ಕಚೇರಿಯಿಂದ ಕಚೇರಿಗೆ ಓಡಾಡಿಸುತ್ತಾರೆ, ನೀರು ಬಳಕೆದಾರರ ಸಂಘದ ಠರಾವು ಇದ್ದರೆ ಅದರ ತೂಕ ಬೇರೆ. ಜೆಸಿಬಿ ಬಾಡಿಗೆ ಹಂಚಿಕೊಂಡರೂ ದೊಡ್ಡ ಹಣ ಅಲ್ಲ. ಟ್ರ್ಯಾಕ್ಟರ್ ದಾಟುವಲ್ಲಿ ಸಿಮೆಂಟ್ ಪೈಪ್ ಇಡಿ, ಮಣ್ಣು ಹಾಕಬೇಡಿ. ಮಳೆ ಮುಂಚೆ ತೆರೆದರೆ ಮುಂಗಾರಿನ ಮಳೆ, ಜುಲೈ ಆಗಸ್ಟ್‌ನ ಕಾಲುವೆ ನೀರು ಎರಡೂ ಕೆಲಸಕ್ಕೆ ಬರುತ್ತವೆ. ನೀರು ಕಟ್ಟಿ, ನಾಲ್ಕು ದಿನ ಬಿಟ್ಟು ಹೊರಗೆ ಬಿಡಿ, ಮತ್ತೆ ಕಟ್ಟಿ. ಆಮೇಲೆ ಹಸಿರು ಗೊಬ್ಬರಕ್ಕೆ ಡಯಂಚ ಬಿತ್ತಿ ಹೂ ಬರುವ ಮುಂಚೆ ಮಗುಚಿ ಹಾಕಿ. ಎರಡನೇ ಬೆಳೆಗೆ ಭತ್ತ ಬಿಡಿ. ಇದು ಕಷ್ಟದ ಮಾತು ಅಂತ ಗೊತ್ತು, ಆದರೂ ಹೇಳಲೇಬೇಕು. ಬೇಸಿಗೆ ಭತ್ತ ನಿಲ್ಲದೆ ನೀರಿನ ಮಟ್ಟ ಇಳಿಯುವುದಿಲ್ಲ.


ಸಿರುಗುಪ್ಪ ಭತ್ತ:

ಬೇಸಿಗೆ ಭತ್ತ ಬಿಡಿ ಅನ್ನುವುದು ಸುಲಭ. ಸಾಲ ಮಾಡಿದವನಿಗೆ ಎರಡನೇ ಬೆಳೆಯೇ ಉಳಿತಾಯ. 2024ರ ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದಾಗ ನಾವು ಊಟ ನಿದ್ದೆ ಬಿಟ್ಟು ಟಿವಿ ಮುಂದೆ ಕೂತಿದ್ದು ಅದಕ್ಕೇ. ಆದರೆ ಬಸಿಗಾಲುವೆ ಮಾತು ಒಪ್ಪುತ್ತೇನೆ. ನಮ್ಮೂರಲ್ಲೂ ಅದೇ ಕಥೆ, ಹಳ್ಳದ ಜಾಗವನ್ನೇ ಗದ್ದೆ ಮಾಡಿದ್ದಾರೆ. ಕಾರಟಗಿ ಅಣ್ಣ, ನೀವು ಕುಮಟಾಕ್ಕೆ ಹೋಗುವುದಾದರೆ ಹೇಳಿ, ನಮ್ಮ ಕಡೆಯಿಂದ ಇಬ್ಬರು ಬರುತ್ತೇವೆ. ತೂಬಿನ ಹಲಗೆ ಹೇಗೆ ಮಾಡಿದ್ದಾರೆ ನೋಡಬೇಕು.


ಕಾರಟಗಿ ಕೊನೇಹೊಲ:

ಖಂಡಿತ ಬನ್ನಿ. ನಾನೂ ಒಬ್ಬನೇ ಹೋಗಬಾರದು ಅಂತ ತೀರ್ಮಾನ ಮಾಡಿದ್ದೇನೆ. ನಮ್ಮ ಬಸಿಗಾಲುವೆಗೆ ಮಣ್ಣು ಹಾಕಿದ ಇಬ್ಬರನ್ನೂ ಕರೆಯುತ್ತೇನೆ. ಅವರಲ್ಲಿ ಒಬ್ಬರು ನಮ್ಮ ದೊಡ್ಡಪ್ಪನ ಮಗ, ಇಲ್ಲಿ ಹೇಳಿದರೆ ಸಿಟ್ಟಾಗುತ್ತಾನೆ, ಅಲ್ಲಿ ಒಡ್ಡಿನ ಮೇಲೆ ನಿಂತು ನೋಡಿದರೆ ಕೇಳಬಹುದು. ಬಸ್ಸಿನ ಖರ್ಚು ನಾನೇ ಕೊಡುತ್ತೇನೆ ಅಂದಿದ್ದೇನೆ. ಮಾಸ್ತರರೇ, ತೆನೆ ನಿಂತಿರುವಾಗ ಬರಬೇಕು, ಅಕ್ಟೋಬರ್ ಮೊದಲ ವಾರ ಆಗುತ್ತದಾ?


ಲಿಂಗಸುಗೂರು ಮಾಸ್ತರ್:

ಅಕ್ಟೋಬರ್ ಮೊದಲ ಎರಡು ವಾರ ಸರಿ ಇರುತ್ತದೆ, ಆಮೇಲೆ ಕೊಯ್ಲು ಶುರುವಾಗಬಹುದು. ದಸರಾ ರಜೆ ಇದ್ದರೆ ನಾನೂ ಬಿಡುವಾಗಿರುತ್ತೇನೆ. ಹೊರಡುವ ಎರಡು ದಿನ ಮುಂಚೆ ನನಗೆ ಇಲ್ಲೇ ಸಂದೇಶ ಹಾಕಿ, ಇಳಿತದ ಹೊತ್ತು ನೋಡಿ ಹೇಳುತ್ತೇನೆ, ಆ ಹೊತ್ತಿಗೆ ತೂಬಿನ ಹತ್ತಿರ ಇದ್ದರೆ ನೀರು ಹೊರಗೆ ಹೋಗುವುದು ಕಾಣುತ್ತದೆ. ಬೂಟು ಬೇಡ, ಕೆಸರಿನಲ್ಲಿ ಸಿಕ್ಕಿಕೊಳ್ಳುತ್ತದೆ, ಬರಿಗಾಲೇ ಸರಿ. ಪಂಚೆ ಅಥವಾ ಮೊಣಕಾ‌ಲ ಚಡ್ಡಿ ಇರಲಿ. ಬರುವಾಗ ನಮ್ಮ ಕಡೆಯ ಜೋಳದ ಹಿಟ್ಟು ಎರಡು ಕಿಲೋ, ಸ್ವಲ್ಪ ಶೇಂಗಾ ಚಟ್ನಿ ತನ್ನಿ. ಇಲ್ಲಿಯವರಿಗೆ ಬಹಳ ಇಷ್ಟ, ನನಗೂ.